ಮೊದಲ ಪುಸ್ತಕ ಬಂದ ಮೇಲಿನ ಒಂದು ವರ್ಷ: ಗೆಲುವು, ಸೋಲು, ಮೌನಗಳನ್ನು ನಿಭಾಯಿಸುವ ಬಗೆ

ಎರಡನೆಯ ಪುಸ್ತಕ ಹುಟ್ಟುತ್ತದೋ ಇಲ್ಲವೋ ಎಂಬುದು ಬಹುಪಾಲು ಮೊದಲ ಪುಸ್ತಕ ಅಚ್ಚಾದ ಮರುವರ್ಷದಲ್ಲೇ ತೀರ್ಮಾನವಾಗುತ್ತದೆ. ಒಂದೇ ಸಂಕಲನ ಕೊಟ್ಟು ನಿಂತುಹೋದ ಕಥೆಗಾರರು ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ಸೋತು ನಿಂತರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಗೆದ್ದು ನಿಂತವರೂ ಆ ಸಾಲಿನಲ್ಲಿದ್ದಾರೆ. ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಅಡುಗೆ ಪುಸ್ತಕ ಬರೆದವರ ಮೇಲೆ ಡರ್ಕ್ ಡೈಕ್‌ಮನ್ ಮತ್ತು ಮಾರ್ಕಸ್ ಬೇರ್ ನಡೆಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ: ತೀರಾ ಹೊಸತನದ ಪುಸ್ತಕ ಬರೆದು, ಅದಕ್ಕೆ ಪ್ರಶಸ್ತಿಯನ್ನೂ ಪಡೆದವರು ಎರಡನೆಯದಕ್ಕೆ ಕೈ ಹಾಕುವುದು ಕಡಿಮೆ. ‘ಹೊಸದನ್ನು ಕೊಡುವವರು’ ಎಂಬ ಹೆಸರು ಬಂದಮೇಲೆ ಆ ಹೆಸರಿಗೆ ಕುಂದು ಬಂದೀತು ಎಂಬ ಅಳುಕು ಪೆನ್ನು ಹಿಡಿಯಲು ಬಿಡುವುದಿಲ್ಲ.

ಮುಂದಿನದು ಕಥೆ, ಕಾದಂಬರಿ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಕವಿಗಳಿಗೆ ಇದರಲ್ಲಿ ಹೆಚ್ಚಿನದು ಹೊಂದುತ್ತದೆ, ಲೆಕ್ಕದ ಭಾಗವೊಂದನ್ನು ಬಿಟ್ಟು. ಕವಿತೆ ಪುಸ್ತಕದ ಲೆಕ್ಕ ಇನ್ನೂ ಸಣ್ಣದು.

ಮೊದಲು ಲೆಕ್ಕ ಹಾಕಿ

ಪುಸ್ತಕದ ಒಳಪುಟದಲ್ಲಿ ಮುದ್ರಣ ವಿವರ ಇರುತ್ತದೆ: ಪುಟಗಳು, ಬೆಲೆ, ಪ್ರತಿಗಳು, ಬಳಸಿದ ಕಾಗದ 70 ಜಿ.ಎಸ್.ಎಂ. ಮ್ಯಾಪ್‌ಲಿಥೊ, ಡೆಮಿ 1/8 ಆಕಾರ ಎಂದೆಲ್ಲ. ಅದರಲ್ಲಿ ಬೆಲೆ ಮತ್ತು ಪ್ರತಿಗಳ ಸಂಖ್ಯೆ ನೋಡಿ. ಬೆಲೆ 200 ರೂಪಾಯಿ, 1000 ಪ್ರತಿ, ಗೌರವಧನ (ರಾಯಲ್ಟಿ) ಮುಖಬೆಲೆಯ ಶೇ 10 ಎಂದಿಟ್ಟುಕೊಳ್ಳಿ. ಒಂದು ಪ್ರತಿಯೂ ಉಳಿಯದೆ ಖರ್ಚಾದರೆ ನಿಮ್ಮ ಕೈಗೆ 20,000 ರೂಪಾಯಿ. ಬರೀ 150 ಪ್ರತಿ ಹೋದರೆ 3,000. ‘ಭರ್ಜರಿ ಯಶಸ್ಸು’ ಮತ್ತು ‘ಮಕಾಡೆ ಮಲಗಿತು’ ಎಂಬ ಎರಡು ಮಾತುಗಳ ನಡುವಿನ ಅಂತರ 17,000 ರೂಪಾಯಿ. ಇಷ್ಟು ಹಣಕ್ಕೆ ಕೆಲಸಕ್ಕೆ ರಾಜೀನಾಮೆ ಕೊಡುವುದೂ ಬೇಡ, ಬರೆಯುವುದಕ್ಕೆ ರಾಜೀನಾಮೆ ಕೊಡುವುದೂ ಬೇಡ. ಗೌರವಧನದ ಬದಲು ಪ್ರತಿಗಳನ್ನೇ ಕೊಡುವ ರೂಢಿ ಬೇರೆ ಇದೆ. ಹಾಗಾದಾಗ ಎಷ್ಟು ಪ್ರತಿ, ಯಾವ ಬೆಲೆಗೆ ಎಂದು ಬರೆಸಿಕೊಳ್ಳಿ. ಇಲ್ಲವಾದರೆ ಅಟ್ಟದ ಮೇಲಿನ ಕಟ್ಟುಗಳನ್ನು ನೋಡಿದಾಗಲೆಲ್ಲ ಸೋತೆ ಅನ್ನಿಸುತ್ತದೆ, ವಾಸ್ತವದಲ್ಲಿ ಅದು ನಿಮಗೆ ಬರಬೇಕಾದ ಹಣ.

ಪ್ರಕಾಶಕರನ್ನು ಆರು ತಿಂಗಳಿಗೊಮ್ಮೆ ನಾಲ್ಕು ಸಂಗತಿ ಕೇಳಿ. ಅಚ್ಚಾದದ್ದೆಷ್ಟು, ಅಂಗಡಿಗಳಿಗೆ ಕಳಿಸಿದ್ದೆಷ್ಟು, ಅಲ್ಲಿಂದ ಹಣ ಬಂದದ್ದು ಎಷ್ಟು ಪ್ರತಿಗೆ, ಗ್ರಂಥಾಲಯ ಇಲಾಖೆಯ ಖರೀದಿಗೆ ಅರ್ಜಿ ಹಾಕಿದ್ದಾರೋ ಇಲ್ಲವೋ. ಎರಡನೆಯ ಪ್ರಶ್ನೆಯ ಉತ್ತರವೇ ಹೆಚ್ಚಿನ ಸಲ ಗುಟ್ಟು ಬಿಟ್ಟುಕೊಡುತ್ತದೆ. ಅಂಗಡಿಗೆ ಹೋಗದ ಪುಸ್ತಕ ಮಾರಾಟವಾಗಲಿಲ್ಲ ಎಂದು ಕಥೆಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ಹುಬ್ಬಳ್ಳಿಯ ಓದುಗರಿಗೆ ಪುಸ್ತಕ ಸಿಗಲೇ ಇಲ್ಲ ಎಂಬುದು ವಿತರಣೆಯ ಸುದ್ದಿ. ಸಿಕ್ಕಿ, ಓದಿ, ನಡುವೆ ಕೈಬಿಟ್ಟರು ಎಂಬುದು ಬರವಣಿಗೆಯ ಸುದ್ದಿ. ಇವೆರಡು ಬೆರೆತಾಗಲೇ ಲೇಖಕರು ಸರಿಯಿದ್ದದ್ದನ್ನು ತಿದ್ದಲು ಹೊರಡುತ್ತಾರೆ.

ಒಂದು ನೋಟ್‌ಬುಕ್, ನಾಲ್ಕು ಪುಟ

ಪುಸ್ತಕದ ಬಗ್ಗೆ ಬರುವ ಸುದ್ದಿಯನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ. ಅಲ್ಲಿ ಹತ್ತು ಹೊಗಳಿಕೆಯನ್ನು ಒಂದು ತೆಗಳಿಕೆ ನುಂಗಿಹಾಕುತ್ತದೆ. ನೋಟ್‌ಬುಕ್ಕಿನಲ್ಲಿ ಮಾರಾಟಕ್ಕೆ ಒಂದು ಪುಟ, ವಿಮರ್ಶೆಗೆ ಒಂದು, ಪ್ರಶಸ್ತಿ-ಸ್ಪರ್ಧೆಗೆ ಒಂದು, ಓದುಗರ ಮಾತಿಗೆ ಒಂದು. ತಾರೀಖು ಹಾಕಿ ಬರೆಯಿರಿ, ಒಂದು ಪುಟದ ಸುದ್ದಿಯನ್ನು ಇನ್ನೊಂದಕ್ಕೆ ಒಯ್ಯಬೇಡಿ.

ಮಾರಾಟದ ಪುಟ ಹೇಳುವುದು ವಿತರಣೆ, ಶೀರ್ಷಿಕೆ, ಮುಖಪುಟ, ಬಿಡುಗಡೆಯ ಸಮಯ ಇಷ್ಟನ್ನೇ. ವಿಮರ್ಶೆಯ ಪುಟದಲ್ಲಿ, ಬಂದ ವಿಮರ್ಶೆಗಳನ್ನು ಮೊದಲು ಎರಡು ಗುಂಪು ಮಾಡಿ: ಪುಸ್ತಕದ ಒಳಗಿನ ಸಾಲನ್ನೋ ಸನ್ನಿವೇಶವನ್ನೋ ಎತ್ತಿಕೊಂಡು ಮಾತಾಡಿದ್ದು, ಮುನ್ನುಡಿ ಮತ್ತು ಬೆನ್ನುಡಿಯನ್ನೇ ತಿರುವಿ ಬರೆದದ್ದು. ಎರಡನೆಯ ಗುಂಪು ಹೊಗಳಿಕೆಯಾದರೂ ಲೆಕ್ಕಕ್ಕಿಲ್ಲ. ‘ಭರವಸೆಯ ಕಥೆಗಾರ’ ಎಂಬ ಮಾತನ್ನಂತೂ ದಾಟಿ ಮುಂದೆ ಹೋಗಿ, ಅದು ಎಲ್ಲರ ಮೊದಲ ಪುಸ್ತಕಕ್ಕೂ ಸಿಗುತ್ತದೆ.

ಪ್ರಶಸ್ತಿಯ ಪುಟ ಶುರುವಾಗಬೇಕಾದ್ದು ಒಂದು ಸಾದಾ ಪ್ರಶ್ನೆಯಿಂದ: ಪುಸ್ತಕವನ್ನು ಕಳಿಸಿದ್ದಿರಾ? ಬಹಳಷ್ಟು ದತ್ತಿ ಪ್ರಶಸ್ತಿಗಳಿಗೆ ಲೇಖಕರೋ ಪ್ರಕಾಶಕರೋ ಕಡೆಯ ದಿನಾಂಕದೊಳಗೆ ಕೆಲವು ಪ್ರತಿ ಕಳಿಸಬೇಕು. ಪ್ರಕಾಶಕರು ಕಳಿಸುತ್ತಾರೆಂದು ಲೇಖಕರು, ಲೇಖಕರು ಕಳಿಸುತ್ತಾರೆಂದು ಪ್ರಕಾಶಕರು ಸುಮ್ಮನಿದ್ದು, ‘ನನ್ನ ಪುಸ್ತಕವನ್ನು ಯಾರೂ ಗುರುತಿಸಲಿಲ್ಲ’ ಎಂಬ ಕೊರಗು ಹುಟ್ಟುವುದು ಮಾಮೂಲು. ವಯಸ್ಸಿನ ಮಿತಿಯನ್ನೂ ನೋಡಿಕೊಳ್ಳಿ. 2011ರಿಂದ ಕೊಡುತ್ತಿರುವ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದವರೆಗಿನವರಿಗೆ, ಮೊತ್ತ 50,000 ರೂಪಾಯಿ. ಮೂವತ್ತೇಳರಲ್ಲಿ ಮೊದಲ ಪುಸ್ತಕ ತಂದವರು ಆ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಿ ನೊಂದುಕೊಳ್ಳುವ ಅಗತ್ಯವಿಲ್ಲ.

ಓದುಗರ ಪುಟವೇ ಮುಂದಿನ ಪುಸ್ತಕಕ್ಕೆ ಕೆಲಸಕ್ಕೆ ಬರುವಂಥದ್ದು. ‘ಚೆನ್ನಾಗಿದೆ’ ಎಂದವರನ್ನು ಅಲ್ಲಿಗೇ ಬಿಡಬೇಡಿ: ಯಾವ ಕಥೆ ನೆನಪಿದೆ, ಎಲ್ಲಿ ಓದು ನಿಂತಿತು, ಯಾರ ಬಗ್ಗೆ ಇನ್ನಷ್ಟು ತಿಳಿಯಬೇಕೆನ್ನಿಸಿತು. ಈ ಮೂರು ಸಾಕು, ಐದು ಜನರನ್ನು ಕೇಳಿದರೆ ಸಾಕು. ಅವರಲ್ಲಿ ಇಬ್ಬರಾದರೂ ಬರೆಯುವವರಲ್ಲದೆ ಬರೀ ಓದುವವರಾಗಿರಲಿ.

ಬಿಡುಗಡೆಗೆ ಮುನ್ನ ಮಾಡಬೇಕಾದ್ದು

ಎಲ್ಲಕ್ಕಿಂತ ಪರಿಣಾಮಕಾರಿಯಾದ ಕ್ರಮ ಇದು, ಎಲ್ಲರೂ ಮರೆಯುವುದೂ ಇದನ್ನೇ. ಪುಸ್ತಕ ಪ್ರೆಸ್ಸಿಗೆ ಹೋದ ದಿನದಿಂದ ಬಿಡುಗಡೆಯ ದಿನದವರೆಗೆ ಸಾಮಾನ್ಯವಾಗಿ ಕೆಲವು ವಾರ ಸಿಗುತ್ತದೆ. ಆ ಅವಧಿಯಲ್ಲಿ ಮುಂದಿನ ಬರಹದ ಹತ್ತು ಪುಟವಾದರೂ ಆಗಿರಲಿ, ದಿನಕ್ಕೆ ಮುನ್ನೂರು ಪದದಂತೆ. ಗುಣಮಟ್ಟದ ಚಿಂತೆ ಬೇಡ. ಹೊಗಳಿಕೆಯೋ ತೆಗಳಿಕೆಯೋ ಬಂದಾಗ ಮೇಜಿನ ಮೇಲೆ ಅರ್ಧ ಆದ ಕೆಲಸವೊಂದಿದ್ದರೆ ಅದಕ್ಕೆ ಮರಳುವುದು ಸುಲಭ; ಖಾಲಿ ಹಾಳೆಗೆ ಮರಳುವುದು ಕಷ್ಟ. ಯಾರಿಗೂ ತೋರಿಸದ ಈ ಹತ್ತು ಪುಟಗಳನ್ನು ಬರೆಯುವಾಗ ಮೊದಲ ಪುಸ್ತಕದ ಗತಿ ಏನಾಯಿತೆಂದು ನಿಮಗೆ ಗೊತ್ತಿರುವುದಿಲ್ಲ. ಆ ಅಜ್ಞಾನ ಬಹಳ ಬೆಲೆಯುಳ್ಳದ್ದು, ಮತ್ತೆ ಸಿಗುವುದಿಲ್ಲ.

ಗೆದ್ದರೆ

ಗೆಲುವು ಮೊದಲು ಕಿತ್ತುಕೊಳ್ಳುವುದು ಸಮಯವನ್ನು. ಬೆಂಗಳೂರಿನಿಂದ ಕಲಬುರಗಿಗೆ ಒಂದು ಕಾರ್ಯಕ್ರಮಕ್ಕೆ ಹೋಗಿಬರುವುದೆಂದರೆ ಎರಡು ರಾತ್ರಿ ಬಸ್ಸು, ನಡುವೆ ಒಂದು ಇಡೀ ದಿನ, ಮುಂಚೆ ಭಾಷಣದ ಸಿದ್ಧತೆ, ಬಂದ ಮೇಲೆ ನಿದ್ದೆ. ಹೇಗೆ ಎಣಿಸಿದರೂ ಮೂರು ದಿನ. ತಿಂಗಳಿಗೆ ಇಂಥ ಎರಡು ಒಪ್ಪಿಕೊಂಡರೆ, ನೌಕರಿ ಮಾಡುತ್ತ ಭಾನುವಾರಗಳಲ್ಲಿ ಬರೆಯುವವರಿಗೆ ಉಳಿಯುವುದು ಶಾಲು, ಹಾರ, ಸ್ಮರಣಿಕೆ. ಮೊದಲ ವರ್ಷ ತಿಂಗಳಿಗೆ ಒಂದೇ ಎಂದು ಗೆರೆ ಎಳೆದುಕೊಳ್ಳಿ. ನಿಮ್ಮ ಮೇಷ್ಟ್ರು ಕರೆದದ್ದು, ನಿಮ್ಮ ಊರಿನ ಶಾಲೆ ಕರೆದದ್ದು ಈ ಲೆಕ್ಕದಿಂದ ಹೊರಗಿರಲಿ. ಉಳಿದವರಿಗೆ ಕಾರಣಗಳ ಪಟ್ಟಿ ಕೊಡಬೇಡಿ, ಸುಳ್ಳು ಆರೋಗ್ಯವೂ ಬೇಡ. ಇಷ್ಟು ಸಾಕು: “ಸರ್, ನೆನಪಿಟ್ಟು ಕರೆದಿರಿ, ತುಂಬ ಸಂತೋಷ. ಮಾರ್ಚ್‌ವರೆಗೆ ಒಂದು ಬರವಣಿಗೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಆಮೇಲೆ ಯಾವಾಗ ಕರೆದರೂ ಬರುತ್ತೇನೆ.” ದಿನಾಂಕ ಹೇಳಿದ ನಿರಾಕರಣೆ ಯಾರಿಗೂ ಅವಮಾನವೆನಿಸುವುದಿಲ್ಲ.

ಅಂಕಣದ ಆಹ್ವಾನ ಇದಕ್ಕಿಂತ ಸೂಕ್ಷ್ಮ. ವಾರಕ್ಕೆ 800 ಪದ ಏನು ಮಹಾ ಅನ್ನಿಸುತ್ತದೆ. 52 ವಾರಕ್ಕೆ ಅದು 41,600 ಪದ, ಒಂದು ಮಧ್ಯಮ ಗಾತ್ರದ ಕಾದಂಬರಿ. ಅದಕ್ಕಿಂತ ದೊಡ್ಡ ನಷ್ಟ ಬೇರೆ: ಕಥೆಯಾಗಿ ಎರಡು ವರ್ಷ ಒಳಗೆ ಇರಬೇಕಿದ್ದ ಅನುಭವ ಗುರುವಾರದ ಗಡುವಿಗೆ ಅಭಿಪ್ರಾಯವಾಗಿ ಖರ್ಚಾಗುತ್ತದೆ. ಒಪ್ಪಿಕೊಳ್ಳಲೇಬೇಕೆಂದರೆ ಹದಿನೈದು ದಿನಕ್ಕೊಂದು, ಆರು ತಿಂಗಳಿಗೆ ಮುಗಿಯುವಂತೆ ಒಪ್ಪಿಕೊಳ್ಳಿ, ನಿಮ್ಮ ಕಥೆಗಳ ಲೋಕವನ್ನು ಬಿಟ್ಟು ಬೇರೆ ವಿಷಯ ಆರಿಸಿ. ಇತರರ ಪುಸ್ತಕಕ್ಕೆ ಮುನ್ನುಡಿ ಬರೆಯುವ ಕೋರಿಕೆ ಒಂದೇ ಪುಸ್ತಕದ ಲೇಖಕರಿಗೂ ಬರತೊಡಗಿದೆ. ಅದನ್ನು ನಯವಾಗಿ ತಪ್ಪಿಸಿಕೊಳ್ಳಿ, ಅಷ್ಟೇ.

ಎರಡನೆಯ ಪೆಟ್ಟು ಬೀಳುವುದು ಬರೆಯುವ ಕಾರಣದ ಮೇಲೆ. 1985ರಲ್ಲಿ ಮನಶ್ಶಾಸ್ತ್ರಜ್ಞೆ ತೆರೇಸಾ ಅಮಾಬಿಲೆ 72 ಮಂದಿ ಬರಹಗಾರರಿಂದ ಹೈಕು ಮಾದರಿಯ ಕವಿತೆ ಬರೆಸಿದರು. ಬರೆಯುವ ಮುನ್ನ ಒಂದು ಗುಂಪಿಗೆ ಹಣ, ಹೆಸರು, ಮೆಚ್ಚುಗೆಯಂಥ ಹೊರಗಿನ ಕಾರಣಗಳ ಪಟ್ಟಿ ಕೊಟ್ಟು ಅದನ್ನು ಕ್ರಮಾಂಕದಲ್ಲಿ ಜೋಡಿಸಲು ಹೇಳಿದ್ದರು, ಇನ್ನೊಂದಕ್ಕೆ ಬರೆಯುವ ಸುಖಕ್ಕೆ ಸಂಬಂಧಿಸಿದ ಕಾರಣಗಳ ಪಟ್ಟಿ. ಮೊದಲ ಗುಂಪಿನವರ ಕವಿತೆಗಳು ಸೃಜನಶೀಲತೆಯಲ್ಲಿ ಕೆಳಗಿದ್ದವು ಎಂದು ತೀರ್ಪುಗಾರರು ಹೇಳಿದರು. ಕೆಲವೇ ನಿಮಿಷ ಹೆಸರಿನ ಬಗ್ಗೆ ಯೋಚಿಸಿದ್ದಕ್ಕೆ ಇಷ್ಟು. ಬೆಳಗ್ಗೆ ಎದ್ದು ಫೇಸ್‌ಬುಕ್ಕಿನಲ್ಲಿ ಪುಸ್ತಕದ ಫೋಟೊಗೆ ಬಿದ್ದ ಲೈಕ್ ಎಣಿಸಿ ನಂತರ ಬರೆಯಲು ಕೂರುವವರು ದಿನವೂ ತಮ್ಮ ಮೇಲೆ ಇದೇ ಪ್ರಯೋಗ ಮಾಡಿಕೊಳ್ಳುತ್ತಿದ್ದಾರೆ. ಫೋನು ಬೇರೆ ಕೋಣೆಯಲ್ಲಿರಲಿ. ಮೊದಲು ಬರವಣಿಗೆ, ಆಮೇಲೆ ಲೈಕು.

ಪ್ರಶಸ್ತಿ ಬಂದಾಗ ನೆನಪಿಡಬೇಕಾದ ಒಂದು ಉದಾಹರಣೆ ಕನ್ನಡದ್ದೇ ಇದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ, ಇಂಟರ್‌ನ್ಯಾಷನಲ್ ಬೂಕರ್ ಬಂತು. 50,000 ಪೌಂಡ್ ಇಬ್ಬರಿಗೂ ಸಮಪಾಲು. ಪ್ರಶಸ್ತಿ ಪಡೆದ ಸಂಕಲನದ ಹನ್ನೆರಡು ಕಥೆಗಳು 1990ರಿಂದ 2023ರ ನಡುವೆ ಬರೆದಂಥವು. ಎಂದೋ ಮುಗಿದ ಕೆಲಸಕ್ಕೆ ಪ್ರಶಸ್ತಿ ಇಂದು ಬರುತ್ತದೆ. ಈಗ ಮೇಜಿನ ಮೇಲಿರುವ ಕಥೆ ಹೇಗಿದೆ ಎಂಬುದರ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ, ಒಳ್ಳೆಯದನ್ನೂ ಕೆಟ್ಟದ್ದನ್ನೂ.

ಇನ್ನು ಗೆದ್ದವರ ಮುಖ್ಯ ಕಾಯಿಲೆಗೆ ಬರೋಣ: ತನ್ನನ್ನೇ ತಾನು ನಕಲು ಮಾಡುವುದು. ಇದು ಬರೆಯುವವರಿಗೆ ಕಾಣುವುದಿಲ್ಲ, ಅದಕ್ಕೇ ಕಾಣುವಂತೆ ಮಾಡಿಕೊಳ್ಳಬೇಕು. ಒಂದು ದೊಡ್ಡ ಹಾಳೆಯಲ್ಲಿ ಮೊದಲ ಸಂಕಲನದ ಪ್ರತಿ ಕಥೆಗೆ ಒಂದು ಸಾಲು ಕೊಟ್ಟು ಆರು ಅಂಕಣ ಎಳೆಯಿರಿ: ಕಥೆ ಹೇಳುವವರು ಯಾರು, ಎಲ್ಲಿ ನಡೆಯುತ್ತದೆ, ಎಷ್ಟು ಕಾಲದ ಕಥೆ, ಮೊದಲ ವಾಕ್ಯ ಎಂಥದ್ದು (ಮಾತು, ದೃಶ್ಯ, ಹೇಳಿಕೆ), ಪಾತ್ರಗಳ ಆಡುನುಡಿ, ಕೊನೆ ಹೇಗೆ. ತುಂಬುತ್ತ ಹೋದಂತೆ ಗುಟ್ಟು ಬಯಲಾಗುತ್ತದೆ. ಹತ್ತರಲ್ಲಿ ಏಳು ಕಥೆ ಸಾವಿನಲ್ಲಿ ಮುಗಿದಿರಬಹುದು, ಎಂಟನ್ನು ಊರಿಗೆ ಮರಳಿದ ಗಂಡಸೇ ಹೇಳುತ್ತಿರಬಹುದು, ಎಲ್ಲವೂ ಮಳೆಯಲ್ಲಿ ಶುರುವಾಗಿರಬಹುದು. ಮಲೆನಾಡಿನವರಿಗೆ ಈ ಕೊನೆಯದು ವಿಶೇಷ ಅಪಾಯ.

ಹೊಸ ಕಥೆಗೆ ಈ ಆರರಲ್ಲಿ ಎರಡನ್ನು ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯ ಕಥೆಯೇ ಅಂಗಿ ಬದಲಿಸಿ ಬರುತ್ತದೆ. ಆರನ್ನೂ ಬದಲಿಸುವುದು ಗೆದ್ದವರು ಗಾಬರಿಯಲ್ಲಿ ಮಾಡುವ ಕೆಲಸ: ಧಾರವಾಡದ ಮಾತಿನಲ್ಲಿ ಸರಾಗವಾಗಿ ಬರೆಯುತ್ತಿದ್ದವರು ‘ಒಂದೇ ಥರ ಬರೀತಾರೆ’ ಎಂಬ ಟೀಕೆಗೆ ಹೆದರಿ, ಗ್ರಂಥಸ್ಥ ಕನ್ನಡದಲ್ಲಿ ತಮಗೆ ಗೊತ್ತಿಲ್ಲದ ಐಟಿ ಕಚೇರಿಯ ಕಥೆ ಬರೆಯಲು ಹೋಗಿ ಎರಡನ್ನೂ ಕಳೆದುಕೊಳ್ಳುತ್ತಾರೆ. ನುಡಿಯನ್ನು ಕೊನೆಗೆ ಮುಟ್ಟಿ. ಮೊದಲು ಬದಲಿಸಲು ಸುಲಭವಾದದ್ದು ಕಾಲಾವಧಿ ಮತ್ತು ಹೇಳುವವರು. ಇವೆರಡು ಬದಲಾದರೆ ಕೊನೆ ತಾನಾಗಿಯೇ ಬದಲಾಗುತ್ತದೆ.

ಸೋತರೆ

ಹಸ್ತಪ್ರತಿ ವಾಪಸ್ ಬಂದರೆ ಅಥವಾ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಹೆಸರು ಬರದಿದ್ದರೆ ಕಥೆಯನ್ನು ಅನುಮಾನಿಸುವ ಮುನ್ನ ಯಾಂತ್ರಿಕ ಕಾರಣಗಳನ್ನು ತೆಗೆದುಹಾಕಿ. ಪದಮಿತಿ ಮೀರಿತ್ತೇ? ಹೆಸರು ಬರೆಯಬಾರದ ಹಾಳೆಯಲ್ಲಿ ಹೆಸರಿತ್ತೇ? ಬ್ಲಾಗಿನಲ್ಲೋ ಫೇಸ್‌ಬುಕ್ಕಿನಲ್ಲೋ ಮೊದಲೇ ಹಾಕಿದ್ದಿರೇ? ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಪರಿವರ್ತಿಸಿ ಕಳಿಸಿದ್ದರೆ ಆ ಕಡತವನ್ನು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅರ್ಕಾವತ್ತು ಮತ್ತು ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿರುವುದು ಅಪರೂಪವಲ್ಲ, ಅಂಥ ಎರಡು ಪುಟ ಓದುವ ತಾಳ್ಮೆ ಯಾವ ಸಂಪಾದಕರಿಗೂ ಇರುವುದಿಲ್ಲ. ಇದೆಲ್ಲ ಸರಿಯಿದ್ದರೆ ಕಥೆಯನ್ನು ಮೂರು ತಿಂಗಳು ಮುಟ್ಟದೆ ಇಟ್ಟು, ಆಮೇಲೆ ಗಟ್ಟಿಯಾಗಿ ಓದಿಕೊಳ್ಳಿ. ನಾಲಿಗೆ ಎಡವಿದ ಕಡೆ ಗೆರೆ ಹಾಕಿ. ತಿದ್ದುಪಡಿ ಅಲ್ಲಿಂದ ಶುರು.

ಕಟುವಿಮರ್ಶೆ ಬಂದಾಗ ಮೊದಲ ಒಂದು ವಾರ ಏನನ್ನೂ ಬರೆಯಬೇಡಿ, ಉತ್ತರವನ್ನಂತೂ ಬೇಡವೇ ಬೇಡ. ಸ್ನೇಹಿತರು ನಿಮ್ಮ ಪರ ಫೇಸ್‌ಬುಕ್ಕಿನಲ್ಲಿ ಜಗಳಕ್ಕೆ ನಿಂತರೆ ಫೋನು ಮಾಡಿ ನಿಲ್ಲಿಸಿ. ವಿಮರ್ಶೆಯನ್ನು ಓದಿರದವರೂ ಆ ಜಗಳವನ್ನು ಓದುತ್ತಾರೆ. ವಾರ ಕಳೆದ ಮೇಲೆ ಎರಡು ಬಣ್ಣದ ಪೆನ್ನು ಹಿಡಿದು ವಿಮರ್ಶೆಯನ್ನು ಓದಿ. ಪಠ್ಯದ ಬಗೆಗಿನ ಮಾತಿಗೆ ಒಂದು ಬಣ್ಣ, ನಿಮ್ಮ ಬಗೆಗಿನ ಅಥವಾ ನಿಮ್ಮ ಗುಂಪಿನ ಬಗೆಗಿನ ಮಾತಿಗೆ ಇನ್ನೊಂದು. ಎರಡನೆಯ ಬಣ್ಣದ್ದನ್ನು ಬಿಟ್ಟುಬಿಡಿ. ಮೊದಲ ಬಣ್ಣದ್ದನ್ನು ನೋಟ್‌ಬುಕ್ಕಿನ ಓದುಗರ ಪುಟದೊಂದಿಗೆ ಹೋಲಿಸಿ. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ಒಂದೇ ಜಾಗದಲ್ಲಿ ಎಡವಿದ್ದರೆ ತೊಂದರೆ ಅಲ್ಲಿ ಇದ್ದೇ ಇದೆ. ಆದರೆ ಅವರು ಸೂಚಿಸುವ ಪರಿಹಾರ ಮಾತ್ರ ಮೂರೂ ಬೇರೆ ಇರುತ್ತದೆ, ಮೂರೂ ಸಾಮಾನ್ಯವಾಗಿ ತಪ್ಪಿರುತ್ತದೆ. ಜಾಗವನ್ನು ನಂಬಿ, ಮದ್ದನ್ನು ನೀವೇ ಹುಡುಕಿ.

ಮನಸ್ಸು ಕಹಿಯಾಗಿ ಅದೇ ಸಾಲು ತಲೆಯಲ್ಲಿ ಸುತ್ತುತ್ತಿದ್ದರೆ, 1986ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮೊದಲು ಪ್ರಕಟಿಸಿದ ವಿಧಾನ ಪ್ರಯತ್ನಿಸಬಹುದು. ಸತತ ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ಆದದ್ದರ ಬಗ್ಗೆ ಅನ್ನಿಸಿದ್ದೆಲ್ಲವನ್ನೂ ನಿಲ್ಲಿಸದೆ ಬರೆಯಿರಿ. ಕಾಗುಣಿತ, ಶೈಲಿ ನೋಡಬೇಡಿ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದುಂಟು, ಅದು ನಿರೀಕ್ಷಿತವೇ. ಬರಹಗಾರರು ಇಲ್ಲಿ ಮಾಡುವ ತಪ್ಪೆಂದರೆ ಎರಡನೆಯ ದಿನಕ್ಕೇ ಅದನ್ನು ಪ್ರಬಂಧವಾಗಿ ತಿದ್ದಲು ಕೂರುವುದು. ನಾಲ್ಕನೆಯ ದಿನ ಹಾಳೆಗಳನ್ನು ಹರಿದುಹಾಕಿದರೂ ನಷ್ಟವಿಲ್ಲ.

ಎರಡು ವಾರಕ್ಕೂ ಮೀರಿ ನಿದ್ದೆ-ಊಟ ಕೆಟ್ಟಿದ್ದರೆ, ಬರವಣಿಗೆಯಷ್ಟೇ ಅಲ್ಲ ಯಾವುದರಲ್ಲೂ ಆಸಕ್ತಿ ಇಲ್ಲವಾದರೆ, ಬದುಕು ಬೇಡವೆನ್ನಿಸುತ್ತಿದ್ದರೆ ಅದು ಸಾಹಿತ್ಯದ ವಿಷಯವಲ್ಲ, ವೈದ್ಯರ ವಿಷಯ. ಬದುಕು ಬೇಡವೆನ್ನಿಸಿದರಂತೂ ಎರಡು ವಾರ ಕಾಯುವಂತಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ‘ನೋವಿದ್ದರೇ ಒಳ್ಳೆ ಬರವಣಿಗೆ’ ಎಂಬ ಸಮಾಧಾನ ಹೇಳುವವರ ಮಾತು ಕೇಳಿ ಇದನ್ನು ಮುಂದೂಡಬೇಡಿ.

ಏನೂ ಆಗದಿದ್ದರೆ

ಹೆಚ್ಚಿನ ಮೊದಲ ಪುಸ್ತಕಗಳಿಗೆ ಆಗುವುದು ಇದೇ. ಹೊಗಳುವವರೂ ಇಲ್ಲ, ಬೈಯುವವರೂ ಇಲ್ಲ. ಪತ್ರಿಕೆಗೆ ಬಂದ ಪುಸ್ತಕಗಳ ‘ಸಾದರ ಸ್ವೀಕಾರ’ ಪಟ್ಟಿಯಲ್ಲಿ ಒಂದು ಸಾಲು ಬಂದು ಎಲ್ಲ ತಣ್ಣಗಾಗುತ್ತದೆ. ಮೌನವನ್ನು ತೀರ್ಪೆಂದು ಓದಿಕೊಳ್ಳುವುದು ಇಲ್ಲಿನ ತಪ್ಪು. ಓದದವರು ತೀರ್ಪು ಕೊಟ್ಟಿರುವುದಿಲ್ಲ.

ಗೌರವ ಪ್ರತಿಗಳನ್ನು ಎಲ್ಲ ಸಾಹಿತಿಗಳಿಗೂ ಹಂಚಿ ಕೂರುವ ಬದಲು ಮೂವತ್ತು ಪ್ರತಿಗೆ ಒಂದು ಪಟ್ಟಿ ಮಾಡಿ. ಪತ್ರಿಕೆಗಳ ಪುಸ್ತಕ ವಿಭಾಗಕ್ಕೆ ಎರಡೆರಡರಂತೆ ಹತ್ತು, ಬಿಡುಗಡೆಯಾದ ಎರಡು ತಿಂಗಳೊಳಗೆ. ಆಮೇಲೆ ಅದು ಹಳೆಯ ಪುಸ್ತಕ. ಪದವಿ ಕಾಲೇಜುಗಳ ಕನ್ನಡ ಅಧ್ಯಾಪಕರಿಗೆ ಎಂಟು, ಏಕೆಂದರೆ ಒಬ್ಬ ಅಧ್ಯಾಪಕಿ ತರಗತಿಯಲ್ಲಿ ಒಂದು ಕಥೆ ಓದಿದರೆ ಐವತ್ತು ಕಿವಿಗೆ ಬೀಳುತ್ತದೆ. ನಿಮ್ಮ ಕಥೆಯ ಲೋಕವನ್ನು ಒಳಗಿನಿಂದ ಬಲ್ಲವರಿಗೆ ಏಳು: ನೇಕಾರರ ಕಥೆಯಾದರೆ ನೇಕಾರಿಕೆಯ ಊರಿನವರಿಗೆ, ಆಸ್ಪತ್ರೆಯ ಕಥೆಯಾದರೆ ನರ್ಸುಗಳಿಗೆ. ಉಳಿದ ಐದು ಓದುಗರ ಬಳಗಗಳಿಗೆ. ಪ್ರತಿಯೊಂದರ ಜೊತೆ ನಾಲ್ಕು ಸಾಲಿನ ಚೀಟಿ ಇಡಿ. ‘ತಮ್ಮ ಅಮೂಲ್ಯ ಅಭಿಪ್ರಾಯಕ್ಕಾಗಿ’ ಎಂದು ಬರೆಯಬೇಡಿ, ‘64ನೇ ಪುಟದ ಕಥೆಯೊಂದನ್ನು ಓದಿದರೆ ಸಾಕು’ ಎಂದು ಬರೆಯಿರಿ. ಇಡೀ ಪುಸ್ತಕ ಓದಬೇಕೆಂದರೆ ಎತ್ತಿಡುತ್ತಾರೆ, ಎಂಟು ಪುಟ ಎಂದರೆ ಆಗಲೇ ತೆರೆಯುತ್ತಾರೆ. ತಿಂಗಳಾದ ಮೇಲೆ ಒಮ್ಮೆ ನೆನಪಿಸಬಹುದು, ಎರಡನೆಯ ಸಲ ಬೇಡ.

ಕಾಗದಪತ್ರ

ಗೆದ್ದ ಪುಸ್ತಕಕ್ಕೂ ಸೋತ ಪುಸ್ತಕಕ್ಕೂ ಒಪ್ಪಂದ ಬರವಣಿಗೆಯಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿ ಇರಲೇಬೇಕು. ಸಿನಿಮಾ, ಅನುವಾದ, ಇ-ಪುಸ್ತಕ, ಆಡಿಯೊ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿ; ಗೆಲುವಿನ ಸಂಭ್ರಮದಲ್ಲಿ ‘ಎಲ್ಲ ಹಕ್ಕುಗಳು’ ಎಂಬ ಎರಡು ಪದಕ್ಕೆ ಸಹಿ ಬೀಳುವುದೇ ಹೆಚ್ಚು. ಗೌರವಧನದ ಆದಾಯಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಕಡಿತ ಸಿಗುತ್ತದೆ, ಲೆಕ್ಕಿಗರನ್ನು ಕೇಳಿ.

ಒಪ್ಪಂದದಲ್ಲಿ ಅವಧಿ ನಮೂದಾಗಿಲ್ಲದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಪರಿಗಣಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ. ಹೀಗಾಗಿ ಮೌನದಲ್ಲಿ ಮುಳುಗಿದ ಪುಸ್ತಕದ ಒಪ್ಪಂದವನ್ನು ಹುಡುಕಿ ತೆಗೆದು ದಿನಾಂಕ ನೋಡಿ. ಐದು ವರ್ಷ ಆಗಿದ್ದರೆ ಪ್ರಕಾಶಕರಿಗೆ ಒಂದು ಪತ್ರ ಬರೆದು, ಉಳಿದ ಪ್ರತಿಗಳನ್ನು ಏನು ಮಾಡುತ್ತಾರೆಂದು ಕೇಳಿ ಇತ್ಯರ್ಥ ಮಾಡಿಕೊಂಡು, ಆ ಸಂಕಲನದ ಗಟ್ಟಿ ನಾಲ್ಕು ಕಥೆಗಳನ್ನು ಹೊಸ ಹಸ್ತಪ್ರತಿಯೊಂದಿಗೆ ಸೇರಿಸಿ ಬೇರೆ ಪ್ರಕಾಶಕರಿಗೆ ಕಳಿಸಬಹುದು. ಆ ನಾಲ್ಕು ಹಿಂದೆ ಪ್ರಕಟವಾದವು ಎಂಬುದನ್ನು ಮಾತ್ರ ಮೊದಲೇ ತಿಳಿಸಿ.